ಫೋಲ್ಕರ್ ಲುಡ್ವಿಗ್ ವೃತ್ತಿಪಟ: ಹಾಡುಗಳ ಕಂತು

ಬರ್ಲಿನ್ನಿನ ಗ್ರಿಪ್ಸ್ ಮಕ್ಕಳ ರಂಗಭೂಮಿಯನ್ನು ಕಟ್ಟಿದ ನಾಟಕಕಾರ, ಗೀತರಚನಕಾರ ಫೋಲ್ಕರ್ ಲುಡ್ವಿಗ್ ಅವರ ವೃತ್ತಿಜೀವನವನ್ನು ಒಂದೊಂದೇ ನಾಟಕವಾಗಿ ಜೋಡಿಸುತ್ತಿರುವ ನನ್ನ ಬಿಡುವಿನ ಕೆಲಸ ಈಗ 1986ನ್ನು ತಲುಪಿದೆ.

ಆರಂಭದ ವರ್ಷಗಳು ಬೇಗ ಕೈಗೆ ಸಿಕ್ಕವು. 1937ರಲ್ಲಿ ಹುಟ್ಟಿದ ಲುಡ್ವಿಗ್ ಅವರ ನಿಜನಾಮ ಎಕಾರ್ಟ್ ಹಾಖ್‌ಫೆಲ್ಡ್. ಅದೇ ಹೆಸರಿನ ಅವರ ತಂದೆಯೂ ವಿಡಂಬನೆ ಮತ್ತು ಹಾಡುಗಳನ್ನು ಬರೆದವರು. ಪಶ್ಚಿಮ ಬರ್ಲಿನ್ನಿನಲ್ಲಿ 1965ರಲ್ಲಿ ಆರಂಭವಾದ ರೈಖ್ಸ್‌ಕಾಬರೆಟ್ ಎಂಬ ರಾಜಕೀಯ ವಿಡಂಬನೆಯ ರಂಗದ ಮಗ್ಗುಲಲ್ಲೇ ಮರುವರ್ಷ ಮಕ್ಕಳ ತಂಡ ಹುಟ್ಟಿತು. ಅದು ಗ್ರಿಪ್ಸ್ ಎಂಬ ಹೆಸರು ಪಡೆದದ್ದು 1972ರಲ್ಲಿ, ಹನ್ಸಾಪ್ಲಾಟ್ಸ್‌ನ ಹಳೆಯ ಚಿತ್ರಮಂದಿರಕ್ಕೆ ಬಂದದ್ದು 1974ರಲ್ಲಿ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ಹಾಡುಗಳು. ಪ್ರತಿ ಹಾಡಿಗೂ ಅದನ್ನು ಯಾರು, ಯಾರಿಗಾಗಿ ಹಾಡುತ್ತಾರೆ, ಹಾಡು ಮುಗಿದ ಮೇಲೆ ಕಥೆಯಲ್ಲಿ ಏನು ಬದಲಾಗುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಿದ್ದೇನೆ. ಗ್ರಿಪ್ಸ್‌ನಲ್ಲಿ ಮಕ್ಕಳ ಪಾತ್ರಗಳನ್ನು ವಯಸ್ಕ ನಟರೇ ಮಾಡುತ್ತಾರೆ. ಮುದ್ದುತನ ತೋರಿಸಿ ಚಪ್ಪಾಳೆ ಗಿಟ್ಟಿಸುವ ದಾರಿ ಅಲ್ಲಿಗೇ ಮುಚ್ಚುವುದರಿಂದ, ಮಗುವಿನ ವಾದವನ್ನು ಮಾತು ಮತ್ತು ಹಾಡುಗಳೇ ಹೊರಬೇಕಾಗುತ್ತದೆ. 1973ರ ಪಾಪಡಾಕಿಸ್ ನಾಟಕದಲ್ಲಿ ರಜೆಯ ಬಿಡಾರದ ಜಾಗದಲ್ಲಿ ಜರ್ಮನ್ ಕುಟುಂಬವೊಂದು ವಲಸೆ ಕಾರ್ಮಿಕರ ಗ್ರೀಕ್ ಕುಟುಂಬಕ್ಕೆ ಎದುರಾಗುತ್ತದೆ. ಜಗಳವನ್ನು ಸಂಭಾಷಣೆಗೆ ಬಿಟ್ಟು, ಮಕ್ಕಳು ಮನೆಗೆ ಗುನುಗಿಕೊಂಡು ಹೋಗಬೇಕಾದ ಪ್ರಶ್ನೆಯನ್ನು ಹಾಡಿಗೆ ಕೊಡುವ ಈ ಹಂಚಿಕೆ ವಿಡಂಬನೆಯ ರಂಗದಲ್ಲಿ ಪಳಗಿದ ಕೈಯದು ಎಂದೇ ನನ್ನ ಎಣಿಕೆ. ಇಂಥ ನಾಟಕಗಳನ್ನು ಆ ದಶಕದ ಸಂಪ್ರದಾಯವಾದಿ ರಾಜಕಾರಣಿಗಳು ಕಮ್ಯುನಿಸ್ಟ್ ಪ್ರಚಾರವೆಂದು ದೂರಿದ್ದರು. ಆ ದೂರಿನಲ್ಲಿ ಹಾಡುಗಳ ಶಕ್ತಿಗೆ ಸಿಕ್ಕ ಒಂದು ಬಗೆಯ ಪ್ರಮಾಣಪತ್ರವೂ ಇದೆ.

ಹದಿಹರೆಯದವರಿಗಾಗಿ ತಂಡ ಆಡಿದ ಮೊದಲ ನಾಟಕ 1975ರದು. ಅದನ್ನು ದಾಟಿ 'ಲೀನ್ಯೆ ಐನ್ಸ್' (ಮೆಟ್ರೊದ ಒಂದನೇ ಮಾರ್ಗ) ಎಂಬ ಸಂಗೀತ ನಾಟಕಕ್ಕೆ ಬಂದೆ. 1986ರ ಏಪ್ರಿಲ್ 30ರಂದು ಮೊದಲು ಪ್ರದರ್ಶನಗೊಂಡ ಇದಕ್ಕೆ ಬಿರ್ಗರ್ ಹೈಮನ್ ಸಂಗೀತ ನೀಡಿದರು. ತನ್ನ ರಾಕ್ ಗಾಯಕನನ್ನು ಹುಡುಕುತ್ತ ಊರು ಬಿಟ್ಟು ಬಂದ ಹುಡುಗಿಯೊಬ್ಬಳು ಬರ್ಲಿನ್ನಿನ ಮೆಟ್ರೊದಲ್ಲಿ ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯ ಕಡೆಗೆ ಹೊರಡುತ್ತಾಳೆ. ಹಾಡುಗಳು ಮಾತ್ರ ಬೋಗಿಯ ಅಪರಿಚಿತರಿಗೂ ಸಲ್ಲುತ್ತವೆ. ಹಳೆಯ ನಾಟಕಗಳ ಲೆಕ್ಕದಲ್ಲಿ ಮಾಡಿಕೊಂಡಿದ್ದ ನನ್ನ ಪಟ್ಟಿಯ ಮೂರನೆಯ ಅಂಕಣ, ಅಂದರೆ ಹಾಡಿನ ನಂತರ ಕಥೆಯಲ್ಲಿ ಏನು ಬದಲಾಗುತ್ತದೆ ಎಂಬುದು, ಇಲ್ಲಿ ಬಹುಪಾಲು ಖಾಲಿ ಉಳಿಯಿತು, ಏಕೆಂದರೆ ಈ ಹಾಡುಗಳು ಕಥೆಯನ್ನು ಮುಂದೆ ತಳ್ಳುವುದಕ್ಕಿಂತ ಹಾಡುವವರನ್ನು ಬಯಲಿಗೆ ತರುತ್ತವೆ. ಪುರುಷ ನಟರು ಆಡುವ, ನಾಜಿ ಕಾಲವನ್ನು ಹಂಬಲಿಸುವ ಶ್ರೀಮಂತ ವಿಧವೆಯರ ಹಾಡಂತೂ ಹಳೆಯ ಕಾಬರೆಟ್ಟಿನಿಂದ ನೇರವಾಗಿ ಎದ್ದು ಬಂದಂತಿದೆ.

ಇದರ ರೂಪಾಂತರಗಳಿಗೆ ಬೇರೆ ಹಾಳೆಯನ್ನೇ ತೆರೆದಿದ್ದೇನೆ. ಸೋಲ್ ನಗರದಲ್ಲಿ ಕಿಮ್ ಮಿನ್-ಗಿ 1994ರಲ್ಲಿ ರಂಗಕ್ಕೆ ತಂದ ಕೊರಿಯನ್ ರೂಪ 4,000ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಅಲ್ಲಿ ನಾಯಕಿ ಚೀನಾದಲ್ಲಿ ಕೊರಿಯನ್ ಮೂಲದವರು ನೆಲೆಸಿರುವ ಯಾನ್‌ಬಿಯನ್‌ನಿಂದ ಬರುತ್ತಾಳೆ.

ಮುಂದಿನ ಕಂತಿನಲ್ಲಿ, ಯಹೂದಿ ಲೇಖಕಿ ಇಂಗೆ ಡಾಯ್ಚ್‌ಕ್ರೋನ್ ಅವರ ಆತ್ಮಕಥೆಯನ್ನು ಆಧರಿಸಿ ಡೆಟ್ಲೆಫ್ ಮಿಷೆಲ್ ಜೊತೆಗೂಡಿ ಲುಡ್ವಿಗ್ ಬರೆದ 1989ರ ನಾಟಕವನ್ನೂ, ಮನೋವೈದ್ಯರೂ ನಟರೂ ಆದ ಮೋಹನ್ ಆಗಾಶೆ ಗ್ರಿಪ್ಸ್ ನಾಟಕಗಳನ್ನು ಪುಣೆಯ ಮರಾಠಿ ರಂಗಕ್ಕೆ ತಂದ ಬಗೆಯನ್ನೂ ನೋಡಬೇಕಿದೆ.