ಜಪಾನಿಗೆ ಹೊರಡುವ ಮೊದಲು ಅಕ್ಷರಾಭ್ಯಾಸ

ಜಪಾನ್ ಪ್ರವಾಸಕ್ಕೆ ಸಿದ್ಧರಾಗುವವರು ಮೊದಲು ಬಾಯಿಪಾಠ ಮಾಡುವುದು ‘ಕೊನ್ನಿಚಿವಾ’ (ನಮಸ್ಕಾರ), ‘ಅರಿಗಾತೋ ಗೊಝೈಮಾಸು’ (ಧನ್ಯವಾದ) ಮುಂತಾದ ಮಾತುಗಳನ್ನು. ಅವು ಬೇಕು. ಆದರೆ ಹೊರಡಲು ಒಂದೆರಡು ತಿಂಗಳಿದ್ದರೆ ಹೆಚ್ಚಿನ ಸಮಯವನ್ನು ಅಕ್ಷರಗಳಿಗೇ ಕೊಡಿ ಎಂಬುದು ಟೋಕಿಯೊ, ಕ್ಯೋಟೊ, ಬೌದ್ಧ ಮಠಗಳ ಬೆಟ್ಟವಾದ ಕೋಯಾಸಾನ್‌ಗಳನ್ನು ನೋಡಿ ಬಂದ ನನ್ನ ಸಲಹೆ. ಹಿರಗಾನ, ಕತಕಾನ ಲಿಪಿಗಳಲ್ಲಿ ತಲಾ 46 ಮೂಲ ಅಕ್ಷರಗಳಿವೆ. ಅ, ಇ, ಉ, ಎ, ಒ ಎಂದು ಆರಂಭವಾಗಿ ಕ, ಸ, ತ, ನ ಎಂದು ಸಾಗುವ ಅವುಗಳ ಕ್ರಮವು ಬೌದ್ಧ ಭಿಕ್ಷುಗಳ ಸಂಸ್ಕೃತ ವರ್ಣಮಾಲೆಯ ಅಧ್ಯಯನದಿಂದ ರೂಪುಗೊಂಡದ್ದಾದ್ದರಿಂದ, ಕಾಗುಣಿತ ಬಲ್ಲ ನಮಗೆ ಬೇಗ ಒಲಿಯುತ್ತದೆ. ಕ್ರಿಯಾಪದವೂ ನಮ್ಮಂತೆಯೇ ವಾಕ್ಯದ ಕೊನೆಯಲ್ಲಿರುತ್ತದೆ. ಚೀನೀ ಮೂಲದ ಪದಚಿಹ್ನೆಗಳಾದ ಕಂಜಿಯ ಗೊಡವೆ ಸದ್ಯಕ್ಕೆ ಬೇಡ. ಆದರೆ ‘ಗಂಡಸರು’, ‘ಹೆಂಗಸರು’ ಎಂಬ ಎರಡು ಚಿಹ್ನೆಗಳನ್ನು ಗುರುತಿಸಲು ಬಾರದಿದ್ದರೆ ಸ್ನಾನಗೃಹದ ಬಾಗಿಲಲ್ಲಿ ಫಜೀತಿ ತಪ್ಪದು.

ಸಸ್ಯಾಹಾರಿಗಳಿಗೆ ಇದರ ಪ್ರಯೋಜನ ಊಟದ ಹೊತ್ತಿಗೆ ತಿಳಿಯುತ್ತದೆ. ಅಲ್ಲಿನ ಸಾರು, ನೂಡಲ್ಸ್, ಅದ್ದಿಕೊಳ್ಳುವ ರಸ ಬಹುತೇಕ ಎಲ್ಲಕ್ಕೂ ಆಧಾರ ‘ದಾಶಿ’ ಎಂಬ ತಿಳಿಸಾರು. ಹೊಗೆಯಲ್ಲಿ ಒಣಗಿಸಿ ತೆಳುವಾಗಿ ಹೆರೆದ ಕತ್ಸುಒ ಮೀನಿನಿಂದ ಅದನ್ನು ತೆಗೆಯುವುದೇ ಹೆಚ್ಚು. ‘ನಿಕು ತೊ ಸಾಕಾನಾ ವಾ ತಾಬೆಮಾಸೆನ್’ (ಮಾಂಸ, ಮೀನು ತಿನ್ನುವುದಿಲ್ಲ) ಎಂದರೆ ಸಾಲದು, ಏಕೆಂದರೆ ಸಾರಿನಲ್ಲಿ ಕರಗಿದ್ದನ್ನು ಅನೇಕರು ಮೀನೆಂದು ಎಣಿಸುವುದೇ ಇಲ್ಲ. ‘ಕತ್ಸುಒ-ದಾಶಿ ವಾ ಹಾಇತ್ತೆ ಇಮಾಸು ಕಾ’ (ಕತ್ಸುಒ ದಾಶಿ ಇದರಲ್ಲಿದೆಯೇ) ಎಂದು ಕೇಳಿ. ‘ಇಮಾಸು’ ಎಂದು ಮುಗಿದರೆ ಇದೆ, ‘ಇಮಾಸೆನ್’ ಎಂದು ಮುಗಿದರೆ ಇಲ್ಲ; ಉತ್ತರ ಅರ್ಥವಾಗದ ಪ್ರಶ್ನೆಯನ್ನು ಕಲಿತು ಹೋಗುವುದು ವ್ಯರ್ಥ. ಕ್ಯೋಟೊದ ಸಣ್ಣ ಉದೋನ್ (ಗೋಧಿಯ ದಪ್ಪ ನೂಡಲ್ಸ್) ಅಂಗಡಿಯೊಂದರಲ್ಲಿ ಹೀಗೆ ಕೇಳಿದಾಗ, ಅಲ್ಲಿನ ಹಿರಿಯ ಮಹಿಳೆ ಒಳಗೆ ಹೋಗಿ ಸಾರಿನ ಪೊಟ್ಟಣವನ್ನೇ ತಂದು ಅದರ ಹಿಂಬದಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕ’, ‘ತ್ಸು’, ‘ಒ’ ಎಂಬ ಮೂರು ಅಕ್ಷರಗಳನ್ನು ಓದಿಕೊಂಡು, ಉದೋನ್ ಬಿಟ್ಟು ಬರಿಯ ಅನ್ನ, ಉಪ್ಪಿನಕಾಯಿ ತರಿಸಿಕೊಂಡೆವು.

ಸಂಪ್ರದಾಯಗಳಲ್ಲಿ ಮೊದಲು ತಿಳಿಯಬೇಕಾದದ್ದು ಪಾದರಕ್ಷೆಯ ವಿಚಾರ. ಹೊಸ್ತಿಲ ಬಳಿ ಬೂಟು ಬಿಚ್ಚುವುದು ನಮಗೆ ಹೊಸದಲ್ಲ; ಆದರೆ ಒಳಗೆ ಕೊಡುವ ಚಪ್ಪಲಿಯನ್ನೂ ತತಾಮಿ ಚಾಪೆಯ ಮೇಲೆ ಮೆಟ್ಟಬಾರದು, ಶೌಚಾಲಯಕ್ಕೆ ಬೇರೆಯೇ ಚಪ್ಪಲಿ ಇರುತ್ತದೆ. ಲೇಸಿಲ್ಲದ ಬೂಟು, ತೂತಿಲ್ಲದ ಕಾಲುಚೀಲ ಒಯ್ಯಿರಿ. ಬಿಸಿನೀರ ಬುಗ್ಗೆಯ ಸ್ನಾನಗೃಹಗಳಲ್ಲಿ ಕೊಳಕ್ಕಿಳಿಯುವ ಮೊದಲೇ ಸೋಪು ಹಚ್ಚಿ ಮೈ ತೊಳೆದುಕೊಳ್ಳಬೇಕು, ಸಾಮಾನ್ಯವಾಗಿ ಈಜುಡುಗೆ ತೊಡುವಂತಿಲ್ಲ. ಸಂಕೋಚದವರು ಖಾಸಗಿ ಕೊಳವಿರುವ ವಸತಿಯನ್ನು ಹುಡುಕುವುದು ಲೇಸು. ಜಪಾನಿನ ಮೂಲ ಧರ್ಮವಾದ ಶಿಂಟೊದ ದೇಗುಲದಲ್ಲಿ ಮೊದಲು ಎಡಗೈ, ಬಳಿಕ ಬಲಗೈ ತೊಳೆದು ಬಾಯಿ ಮುಕ್ಕಳಿಸಿ, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ವಾಡಿಕೆ. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಇಲ್ಲ. ಅನ್ನದಲ್ಲಿ ಚಾಪ್‌ಸ್ಟಿಕ್‌ಗಳನ್ನು ನೆಟ್ಟಗೆ ಚುಚ್ಚುವುದು ಸತ್ತವರಿಗೆ ಅನ್ನವಿಡುವ ಕ್ರಮವಾದ್ದರಿಂದ ಅಶುಭ. ಟಿಪ್ಸ್ ಕೊಡುವ ರೂಢಿಯಿಲ್ಲ, ರೈಲಿನಲ್ಲಿ ಫೋನಿನಲ್ಲಿ ಮಾತನಾಡುವುದೂ ಇಲ್ಲ.

ಭಾಷೆ ಕಲಿಯಲು ಜಪಾನ್ ಫೌಂಡೇಶನ್‌ನ ಉಚಿತ ಆನ್‌ಲೈನ್ ಪಾಠಗಳಿವೆ. ಬೆಂಗಳೂರಿನವರು ‘ಜಪಾನ್ ಹಬ್ಬ’ಕ್ಕೂ ಹೋಗಬಹುದು. ಮೀನಿಲ್ಲದ ಪೂರ್ಣ ಊಟ ಬೇಕೆನ್ನುವವರು ಕೋಯಾಸಾನ್‌ನ ಮಠವಸತಿಗಳಲ್ಲಿ ‘ಶೋಜಿನ್ ರ್‍ಯೋರಿ’ ಎಂಬ ಸಸ್ಯಾಹಾರವನ್ನು ಮೊದಲೇ ಕಾದಿರಿಸಿ, ಸಂಜೆ ಐದರೊಳಗೆ ತಲುಪುವಂತೆ ನೋಡಿಕೊಳ್ಳಬೇಕು. ರಾತ್ರಿಯೂಟವನ್ನು ಅಲ್ಲಿ ಬೇಗನೆ ಬಡಿಸುತ್ತಾರೆ.