ಮಳೆಗಾಲ ಮತ್ತು ಕಿವಿ ಮಷೀನು

ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿಯಿತೆಂದರೆ 'ಅಜ್ಜನ ಕಿವಿ ಮಷೀನು ಕೆಟ್ಟಿದೆ' ಎಂಬ ದೂರು ಶುರುವಾಗುತ್ತದೆ. ಕಿವಿಯ ಹಿಂದೆ ಕೂರುವ ಮಾದರಿಯಾದರೆ, ರಿಪೇರಿಗೆ ಕಳಿಸುವ ಮುಂಚೆ ಸೆಲ್ಲು, ನಳಿಕೆ, ಗುಗ್ಗೆ ಈ ಮೂರನ್ನು ನೋಡಿ.

ಇದರ ಸೆಲ್ಲು ಜಿಂಕ್-ಏರ್, ಗಾಳಿ ಕುಡಿದು ಕೆಲಸ ಮಾಡುವಂಥದ್ದು. ಸ್ಟಿಕ್ಕರಿನ ಬಣ್ಣ ಸೆಲ್ಲಿನ ಸೈಜು ಹೇಳುತ್ತದೆ: ಕಿತ್ತಳೆಯದು 13, ಕಂದು 312, ನೀಲಿ 675. ಸ್ಟಿಕ್ಕರ್ ಕಿತ್ತು ಐದು ನಿಮಿಷ ಹೊರಗಿಟ್ಟು ಆಮೇಲೆ ಹಾಕಿ. ಕಿತ್ತ ಸ್ಟಿಕ್ಕರನ್ನು ಮತ್ತೆ ಅಂಟಿಸಿದರೆ ಸೆಲ್ಲು ಉಳಿಯುವುದಿಲ್ಲ. ಹಳೆಯದನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ; ನುಂಗಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ನಳಿಕೆಯನ್ನು ಬೆಳಕಿಗೆ ಹಿಡಿಯಿರಿ. ಒಳಗೆ ಒಂದು ಹನಿ ನೀರು ನಿಂತಿದ್ದರೂ ಸದ್ದಿಗೆ ಅಡ್ಡ. ಕಿವಿಯೊಳಗೆ ಕೂರುವ ಅಚ್ಚನ್ನು ನಳಿಕೆ ಸಮೇತ ಮಷೀನಿನ ತುದಿಯ ಕೊಕ್ಕೆಯಿಂದ ಬಿಡಿಸಿ, ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಾಯಿಂದ ಊದಿದರೆ ತೇವ ಇನ್ನಷ್ಟು ಸೇರುತ್ತದೆ. ಗುಗ್ಗೆ ಕಟ್ಟಿದ್ದರೆ ಅಚ್ಚನ್ನಷ್ಟೇ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ರಾತ್ರಿಯಿಡೀ ಒಣಗಿಸಿ. ಮಷೀನಿಗೆ ನೀರು, ಸ್ಪಿರಿಟ್, ಹೇರ್ ಡ್ರೈಯರ್ ಯಾವುದೂ ಬೇಡ. ತುದಿಯಲ್ಲೇ ಪುಟ್ಟ ಸ್ಪೀಕರ್ ಇರುವ ತೆಳು ತಂತಿಯ ಮಾದರಿಯನ್ನಂತೂ ತೊಳೆಯಲೇಬಾರದು. ಅದರ ಗುಗ್ಗೆ ಫಿಲ್ಟರ್ ಬದಲಿಸಿದರೆ ಸಾಕು.

ರಾತ್ರಿ ಸೆಲ್ಲು ತೆಗೆದು, ಅದರ ಬಾಗಿಲು ತೆರೆದೇ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಡಬ್ಬಿಯಲ್ಲಿ ಮಷೀನು ಇಡಿ. ಸೆಲ್ಲನ್ನೂ ಡಬ್ಬಿಯೊಳಗೇ ಬಿಟ್ಟರೆ ಒಣಗಿ ಬೇಗ ಸಾಯುತ್ತದೆ. ನೀಲಿ ಹರಳು ಗುಲಾಬಿಯಾದರೆ ಅದರ ಕೆಲಸ ಮುಗಿಯಿತು. ಅಕ್ಕಿ ಡಬ್ಬಿಯ ಉಪಾಯ ಬಿಡಿ, ತೌಡಿನ ಪುಡಿ ಮೈಕಿನ ತೂತಿಗೆ ಹೋಗುತ್ತದೆ.

ಕುಂಯ್ ಎಂದು ಶಿಳ್ಳೆ ಬರುತ್ತಿದೆಯೇ? ಕಿವಿಯಿಂದ ತೆಗೆದು ಅಚ್ಚಿನ ತೂತನ್ನು ಬೆರಳಿಂದ ಒತ್ತಿ ಮುಚ್ಚಿ. ಶಿಳ್ಳೆ ನಿಂತರೆ ಅಚ್ಚು ಕಿವಿಗೆ ಸರಿಯಾಗಿ ಕೂತಿಲ್ಲ, ಸಡಿಲವಾಗಿದೆ, ಇಲ್ಲವೇ ಕಿವಿಯಲ್ಲೇ ಗುಗ್ಗೆ ತುಂಬಿದೆ. ನಿಲ್ಲದಿದ್ದರೆ ನಳಿಕೆಯೋ ಕೊಕ್ಕೆಯೋ ಬಿರಿದಿರಬಹುದು. ಹಳದಿಗಟ್ಟಿ ಗಡುಸಾದ ನಳಿಕೆಯನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಿಕೊಳ್ಳಬೇಕು. ಅಚ್ಚೇ ಸಡಿಲವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಹೊಸ ಅಳತೆ ತೆಗೆದು ಮಾಡಿಕೊಡುತ್ತಾರೆ.

ಎಲ್ಲ ಜೋಡಿಸಿದ ಮೇಲೆ ಬೆನ್ನ ಹಿಂದೆ ನಿಂತು ಮಾಮೂಲಿ ದನಿಯಲ್ಲಿ ಮ್, ಊ, ಆ, ಈ, ಶ್, ಸ್ ಹೇಳಿ. ಕೇಳಿದಾಗಲೆಲ್ಲ ಅಜ್ಜ ಕೈ ಎತ್ತಲಿ. ಮುಂಚೆ ಕೇಳುತ್ತಿದ್ದ 'ಸ್' ಈಗ ಕೇಳದಿದ್ದರೆ ಇನ್ನೊಮ್ಮೆ ನಳಿಕೆ, ಫಿಲ್ಟರ್ ನೋಡಿ. ಆಗಲೂ ಕೇಳದಿದ್ದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಹತ್ತಿರ ಒಯ್ಯಿರಿ.