ಆ ಪುಸ್ತಕಗಳನ್ನು ವಾರ್ಸಾಕ್ಕೆ ಕಳಿಸಬಾರದೇ?

ಪ್ಯಾರಿಸ್ಸಿಗೆ ಹೊರಟವರಿಗೆಲ್ಲ ನಾನೊಂದು ಜಾಗ ಹೇಳುತ್ತೇನೆ: ಸೆನ್ ನದಿಯ ನಡುವಿನ ಸೇಂಟ್ ಲೂಯಿ ದ್ವೀಪದಲ್ಲಿರುವ ಪೋಲಿಷ್ ಗ್ರಂಥಾಲಯ. ನೋಡಿ ಬಂದವರೂ ನೋಡದವರೂ ಕೇಳುವ ಪ್ರಶ್ನೆ ಒಂದೇ. ಪೋಲೆಂಡ್ ಈಗ ಸ್ವತಂತ್ರ ದೇಶ ತಾನೇ, ಪುಸ್ತಕಗಳನ್ನು ಇನ್ನೂ ಯಾಕೆ ಪರದೇಶದಲ್ಲಿ ಇಟ್ಟುಕೊಂಡಿದ್ದಾರೆ, ಊರಿಗೆ ಸಾಗಿಸಬಾರದೇ?

ಬೇರೆ ಕಡೆಯಿಂದ ಸಾಗಿಸಿ ನೋಡಿದ್ದಾರೆ. ಆದದ್ದು ಹೀಗೆ.

1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಪೋಲೆಂಡನ್ನು ಪೂರ್ತಿ ಹಂಚಿಕೊಂಡವು. ಜವುಸ್ಕಿ ಸೋದರರು 1747ರಲ್ಲೇ ವಾರ್ಸಾದ ಜನರಿಗಾಗಿ ತೆರೆದಿದ್ದ ದೊಡ್ಡ ಗ್ರಂಥಾಲಯವನ್ನು ರಷ್ಯಾದ ರಾಣಿ ಕ್ಯಾಥರೀನ್ ಸೇಂಟ್ ಪೀಟರ್ಸ್‌ಬರ್ಗಿಗೆ ಹೊರಿಸಿದಳು. ಮನೆಯಲ್ಲಿಟ್ಟ ಪುಸ್ತಕಕ್ಕೆ ಭರವಸೆಯಿಲ್ಲ ಎಂದಾದ ಮೇಲೆ ದೇಶ ಬಿಟ್ಟು ಹೋದವರು ಹೊರಗೇ ಕೂಡಿಡತೊಡಗಿದರು. 1870ರಲ್ಲಿ ಸ್ವಿಟ್ಜರ್ಲೆಂಡಿನ ರಾಪರ್ಸ್‌ವಿಲ್ ಕೋಟೆಯಲ್ಲಿ ಒಂದು ಪೋಲಿಷ್ ವಸ್ತುಸಂಗ್ರಹಾಲಯ ತೆರೆಯಿತು. ಮುಂದೆ ಹೆಸರಾಂತ ಕಾದಂಬರಿಕಾರನಾದ ಜೆರೋಮ್ಸ್ಕಿ ಅಲ್ಲಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ.

1918ರಲ್ಲಿ ದೇಶ ಮರಳಿ ಬಂತು. ನೀವು ಕೇಳುವುದನ್ನೇ ಆಗಲೂ ಕೇಳಿದರು. ಪೋಲೆಂಡ್ ಮತ್ತು ರಷ್ಯಾ ನಡುವೆ ಆದ 1921ರ ರೀಗಾ ಒಪ್ಪಂದದಂತೆ ಜವುಸ್ಕಿ ಸಂಗ್ರಹ ರಷ್ಯಾದಿಂದ ಹಿಂದಿರುಗತೊಡಗಿತು. 1927ರಲ್ಲಿ ರಾಪರ್ಸ್‌ವಿಲ್‌ನ ಸಂಗ್ರಹವೂ ವಾರ್ಸಾ ಸೇರಿತು. 1944ರ ಅಕ್ಟೋಬರಿನಲ್ಲಿ, ಜರ್ಮನ್ ಆಕ್ರಮಣದ ವಿರುದ್ಧ ಎದ್ದ ವಾರ್ಸಾ ದಂಗೆ ಸೋತ ಮೇಲೆ, ಜರ್ಮನ್ನರು ಆ ನಗರದ ಓಕೂಲ್ನಿಕ್ ಬೀದಿಯ ಗ್ರಂಥಾಲಯಕ್ಕೆ ಬೆಂಕಿ ಹಚ್ಚಿದರು. ಎರಡೂ ಕಡೆಯಿಂದ ಬಂದ ಹಸ್ತಪ್ರತಿಗಳು ಅಲ್ಲೇ ಇದ್ದವು.

   

ಹಾಗೆಂದು ಪರದೇಶವೇ ಕ್ಷೇಮ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. 1940ರಲ್ಲಿ ಪ್ಯಾರಿಸ್ ಬಿದ್ದ ಕೂಡಲೇ ನಾಜಿಗಳು ಈ ಗ್ರಂಥಾಲಯಕ್ಕೂ ನುಗ್ಗಿ ಪುಸ್ತಕಗಳನ್ನು ಪೆಟ್ಟಿಗೆ ಕಟ್ಟಿ ಒಯ್ದರು. ಯುದ್ಧ ಮುಗಿದ ಮೇಲೆ ಒಂದಷ್ಟು ಮರಳಿತು, ಎಲ್ಲವೂ ಅಲ್ಲ.

ನನ್ನ ಉತ್ತರ ನಿಂತಿರುವುದು ಬೇರೆ ಕಡೆ. ಈ ಗ್ರಂಥಾಲಯ ಯಾವ ಕಾಲಕ್ಕೂ ಸರ್ಕಾರದ್ದಾಗಿರಲಿಲ್ಲ. ರಷ್ಯಾದ ವಿರುದ್ಧದ 1830–31ರ ದಂಗೆ ಸೋತು ಓಡಿಬಂದವರು 1838ರಲ್ಲಿ ಕಟ್ಟಿದ್ದು. ಈಗಿರುವ ಮನೆಯನ್ನು 1853ರಲ್ಲಿ ಕೊಂಡದ್ದೂ ವಲಸಿಗರು ಕೂಡಿಸಿದ ಚಂದಾ ಹಣದಿಂದ. ನಡೆಸುತ್ತಿರುವುದು ಅವರದೇ ಐತಿಹಾಸಿಕ ಮತ್ತು ಸಾಹಿತ್ಯಕ ಸಂಘ. ಅದರ ಹಿಂದಿನ ರೂಪವಾದ ಸಾಹಿತ್ಯ ಸಂಘದಲ್ಲಿ ಸಂಗೀತಗಾರ ಶೋಪಾನ್ ಕೂಡ ಸದಸ್ಯ. 1903ರಲ್ಲಿ ಕವಿ ಮಿತ್ಸ್ಕೆವಿಚ್‌ನ ಮಗ ಅದೇ ಮನೆಯಲ್ಲಿ ತಂದೆಯ ಹೆಸರಿನ ವಸ್ತುಸಂಗ್ರಹಾಲಯ ಮಾಡಿದ. ಸಂಘದ 19ನೇ ಶತಮಾನದ ಸಂಗ್ರಹವನ್ನು ಯುನೆಸ್ಕೋ 2013ರಲ್ಲಿ ಜಗತ್ತಿನ ಮಹತ್ವದ ದಾಖಲೆಗಳ ತನ್ನ ‘ವಿಶ್ವ ಸ್ಮೃತಿ’ ಪಟ್ಟಿಗೆ ಸೇರಿಸಿಕೊಂಡಿತು. ಪುಸ್ತಕದ ಜೊತೆ ಆ ಮನೆ, ಆ ಚಂದಾದ ಲೆಕ್ಕ, ವಲಸೆ ಬಂದವರ ಕಾಗದಪತ್ರ ಎಲ್ಲ ಸೇರಿಯೇ ಅದು ಗ್ರಂಥಾಲಯ. ಕಿತ್ತು ವಾರ್ಸಾದಲ್ಲಿ ಜೋಡಿಸಿದರೆ ಪುಸ್ತಕವಷ್ಟೇ ಉಳಿಯುತ್ತದೆ.

ವಾರ್ಸಾದ ವಿದ್ಯಾರ್ಥಿಗೆ ಇದರಿಂದ ತೊಂದರೆಯಲ್ಲವೇ ಎಂದರೆ, ಹೌದು, ತೊಂದರೆಯೇ. ಅವನಿಗೆ ಒಳ್ಳೆಯ ಸ್ಕ್ಯಾನ್ ಪ್ರತಿ ಸಿಗಲಿ. ಮೂಲ ಆ ದ್ವೀಪದಲ್ಲೇ ಇರಲಿ.